ಉಗುರಿಗಿಂತ ಚಿಕ್ಕ ಅಣಬೆ, ತಿರುಗಿಸಿ ಹಾಕಿದ ಹಳೇ ಲೆನ್ಸ್

ತೀರಾ ಹತ್ತಿರದಿಂದ ತೆಗೆಯೋಕೆ ಅಂತಲೇ ಮಾಡಿದ ಮ್ಯಾಕ್ರೋ ಲೆನ್ಸ್ ಇಲ್ಲದೆ ಕಾಡಣಬೆಯ ಕಿವಿರುಗಳು, ಅಂದರೆ ಕೊಡೆಯ ಕೆಳಗಿನ ತೆಳು ಪದರಗಳು, ಒಂದೊಂದಾಗಿ ಕಾಣುವ ಹಾಗೆ ಫೋಟೋ ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಬರುತ್ತದೆ. ಕಿರುಬೆರಳ ಉಗುರಿಗಿಂತ ಚಿಕ್ಕದಾದ ಮೈಸಿನಾ ಅಣಬೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಆಗಲ್ಲ ಅಂದವರೇ ಬಂದು ನೋಡಿ, ಯಾವ ಲೆನ್ಸ್ ತಗೊಂಡೆ ಅಂತ ಕೇಳಿದರು.

ಹಳೇ 50 ಎಂಎಂ, ಎಫ್ 1.8. ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಲೆನ್ಸಿನ ಮೇಲೇ ಇರುವಂಥದ್ದು. ಅದನ್ನು ರಿವರ್ಸ್ ರಿಂಗ್‌ನಲ್ಲಿ ಹಿಂದುಮುಂದಾಗಿ ತಿರುಗಿಸಿ ಹಾಕಿ, ಕ್ಯಾಮೆರಾಗೂ ಲೆನ್ಸಿಗೂ ನಡುವೆ 36 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಗಾಜಿಲ್ಲದ ಖಾಲಿ ಕೊಳವೆ) ಕೂರಿಸಿದರೆ ಸೆನ್ಸರಿನ ಮೇಲೆ ಅಣಬೆ ನಿಜ ಅಳತೆಯ ಸುಮಾರು ಒಂದೂವರೆ ಪಟ್ಟು ಮೂಡುತ್ತದೆ. ಅಂದರೆ ಒಂದು ಸೆಂಟಿಮೀಟರ್ ಅಗಲದ ಅಣಬೆ ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಅಗಲದಲ್ಲಿ ಸುಮಾರು ಮೂರನೇ ಎರಡು ಪಾಲು ತುಂಬಿಕೊಳ್ಳುತ್ತದೆ. ಆಗಲೂ ಲೆನ್ಸಿಗೂ ಅಣಬೆಗೂ ನಡುವೆ ಏಳೆಂಟು ಸೆಂಟಿಮೀಟರ್ ಜಾಗ ಇರುತ್ತದೆ, ಬೆಳಕು ಬಿಡೋಕೆ ಅಷ್ಟು ಸಾಕು. ಎಲ್ಲ ಸೇರಿ ಹೊಸ ಮ್ಯಾಕ್ರೋ ಲೆನ್ಸಿನ ಬೆಲೆಯಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಆದರೆ ಇಲ್ಲಿಗೆ ಬರುವ ಮೊದಲು ಹೋದ ದುಡ್ಡಿನ ಲೆಕ್ಕ ಬೇರೆ. ಫೋನಿಗೆ ಸಿಕ್ಕಿಸುವ ಲೆನ್ಸ್ ನಡುವೆ ಮಾತ್ರ ಚೂಪು, ಅಂಚೆಲ್ಲ ನೇರಳೆ ಬಣ್ಣ. ಕ್ಲೋಸಪ್ ಫಿಲ್ಟರ್ ಸೆಟ್‌ನಲ್ಲಿ ಪವರ್ ಜಾಸ್ತಿ ಇರುವ ಗಾಜು ಹಾಕಿದರೆ ಕಿವಿರೆಲ್ಲ ಮಂಜು ಮಂಜು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸನ್ನೇ ತಿರುಗಿಸಿ ನೋಡಿದೆ, ಅದಕ್ಕೆ ಅಪರ್ಚರ್ ರಿಂಗ್ ಇಲ್ಲ, ಹಿಂದಿನ ಪುಟ್ಟ ಲಿವರನ್ನು ಕಾಗದ ಮಡಚಿ ತಡೆದು ಹಿಡಿಯಬೇಕು, ಅದು ಪ್ರತಿ ಸಲವೂ ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಆಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಲೆನ್ಸಿನ ಒಳಗೇ ಫಂಗಸ್ ಹಿಡಿದಿತ್ತು, ಕಾಂಟ್ರಾಸ್ಟ್ ಪೂರ್ತಿ ಸತ್ತಿತ್ತು. ಈ ಕೆಲಸಕ್ಕೆ ಬಾರದ ಸಾಮಾನಿಗೆ ಹೋದ ದುಡ್ಡು ಕೊನೆಗೆ ಕೆಲಸ ಮಾಡಿದ ಸಾಮಾನಿಗಿಂತ ಜಾಸ್ತಿ.

ಟ್ರೈಪಾಡ್ ಬಿಟ್ಟೆ. ನೆಲದಿಂದ ನಾಲ್ಕು ಬೆರಳು ಎತ್ತರದ ಅಣಬೆಗೆ ಅದು ಇಳಿಯೋದೇ ಇಲ್ಲ. ಕ್ಯಾಮೆರಾ ಇಡೋಕೆ ಕಾಳು ತುಂಬಿದ ಬಟ್ಟೆ ಚೀಲವೇ ಸಾಕು, ಮೇಲೊಂದು ಪ್ಲಾಸ್ಟಿಕ್ ಕವರ್ ಇರಲಿ, ಒದ್ದೆಯಾದರೆ ಕಾಳು ಮೊಳಕೆ ಒಡೆಯುತ್ತದೆ. ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ಮರದ ನೆರಳಲ್ಲಿ ಎಕ್ಸ್‌ಪೋಷರ್ ಒಂದೆರಡು ಸೆಕೆಂಡ್. ಅಣಬೆ ಎಲ್ಲೂ ಓಡಿಹೋಗಲ್ಲ, ನಿಜ, ಆದರೆ ಮೈಸಿನಾದ ಕಾಂಡ ನೂಲಿನಷ್ಟು ಸಣ್ಣ, ನಾವು ಉಸಿರು ಬಿಟ್ಟರೂ ಅಲುಗುತ್ತದೆ. ಗಾಳಿ ಬರುವ ಕಡೆ ಬ್ಯಾಗನ್ನು ಅಡ್ಡ ಇಟ್ಟು ಕಾಯಬೇಕು.

ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್ ಕಿಂಡಿ ಚಿಕ್ಕದು, ಎಫ್ 5.6 ದಾಟಬೇಡಿ. ಒಂದೂವರೆ ಪಟ್ಟು ದೊಡ್ಡದು ಮಾಡಿದಾಗ ಅದು ಎಫ್ 14ರ ಹಾಗೆ ವರ್ತಿಸುತ್ತದೆ. ಎಫ್ 16 ಇಟ್ಟರೆ 40 ಆಗಿ, ಅಷ್ಟು ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿ ಎಲ್ಲ ಮಸುಕು. ಹಾಗಾಗಿ ಸ್ಟ್ಯಾಕ್ ಮಾಡಲೇಬೇಕು, ಅಂದರೆ ಬೇರೆ ಬೇರೆ ಕಡೆ ಫೋಕಸ್ ಇರುವ ಫ್ರೇಮುಗಳನ್ನು ತೆಗೆದು ಒಂದೇ ಚಿತ್ರವಾಗಿ ಜೋಡಿಸಬೇಕು. ಫೋಕಸ್‌ನಲ್ಲಿ ಸಿಗುವ ಪದರ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ಒಂದು ಕೊಡೆಯ ಮುಂಭಾಗಕ್ಕೇ ಇಪ್ಪತ್ತೈದು ಮೂವತ್ತು ಫ್ರೇಮ್ ಬೇಕು. ತಿರುಗಿಸಿದ ಲೆನ್ಸಿನ ಫೋಕಸ್ ರಿಂಗ್ ಏನೂ ಮಾಡಲ್ಲ, ಕ್ಯಾಮೆರಾವನ್ನೇ ಸರಿಸಬೇಕು. ಕ್ಯಾಮೆರಾ ಸರಿಸುವ ರೈಲ್ ಇಲ್ಲದೆ ಚೀಲದ ಮೇಲೆ ಅಷ್ಟು ಸಣ್ಣದಾಗಿ ಸರಿಸೋದು ಹೇಗೆ ಅನ್ನೋದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಫ್ರೇಮುಗಳನ್ನು ಜೋಡಿಸೋಕೆ ಹ್ಯೂಗಿನ್ ಅನ್ನೋ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಟೂಲ್, ಆಮೇಲೆ ಒಂದಾಗಿಸೋಕೆ ಎನ್‌ಫ್ಯೂಸ್. ಎರಡೂ ಪುಕ್ಕಟೆ.

ಚಿತ್ರ ಗೆಲ್ಲೋದು ಬೆಳಕಲ್ಲಿ. ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಲೆನ್ಸಿನ ನೆರಳೇ ಅಣಬೆ ಮೇಲೆ ಬೀಳುತ್ತದೆ. ನಾನು ಅಲ್ಯೂಮಿನಿಯಂ ಫಾಯಿಲನ್ನು ಒಮ್ಮೆ ಮುದ್ದೆ ಮಾಡಿ ಬಿಡಿಸಿ, ತರಗೆಲೆಯ ಕೆಳಗೆ ಓರೆಯಾಗಿ ಸೇರಿಸುತ್ತೇನೆ, ಅದಕ್ಕೆ ಟ್ರೇಸಿಂಗ್ ಪೇಪರ್ ಕಟ್ಟಿದ ಸಣ್ಣ ಎಲ್‌ಇಡಿ ಟಾರ್ಚ್ ಬಿಡುತ್ತೇನೆ. ಬೆಳಕು ಕೆಳಗಿಂದ ಕಿವಿರುಗಳ ನಡುವೆ ನುಗ್ಗುತ್ತದೆ, ಒಂದೊಂದರ ಅಂಚೂ ಬೇರೆ ಬೇರೆ ಕಾಣುತ್ತದೆ, ಉದ್ದ ಕಿವಿರುಗಳ ಸಂದಿಯಲ್ಲಿ ಅರ್ಧಕ್ಕೇ ನಿಂತ ಗಿಡ್ಡ ಕಿವಿರುಗಳು ಕೂಡ. ಅದಕ್ಕೂ ಮೊದಲು ಮೆತ್ತನೆ ಪೇಂಟ್ ಬ್ರಷ್‌ನಿಂದ ಮಣ್ಣಿನ ಕಣ ತೆಗೆಯಿರಿ. ಸ್ಟ್ಯಾಕ್‌ನಲ್ಲಿ ಒಂದು ಮರಳಿನ ಕಣವೂ ಕಲ್ಲಾಗಿ ಕಾಣುತ್ತದೆ.

ಇದರ ನಡುವೆ ಇಂಕ್ ಕ್ಯಾಪ್ ಅಣಬೆಗೂ ಕೈ ಹಾಕಿದೆ. ಅದರ ಕೊಡೆ ಅಂಚಿನಿಂದ ತಾನೇ ಕರಗಿ ಕಪ್ಪು ಶಾಯಿಯಾಗುತ್ತದೆ. ಕರಗೋಕೆ ಶುರುವಾದದ್ದು ಸಿಕ್ಕರೆ ಸ್ಟ್ಯಾಕ್ ಮುಗಿಯುವಷ್ಟರಲ್ಲಿ ಅಂಚು ಸುರುಳಿ ಸುತ್ತಿರುತ್ತದೆ, ಮೊದಲ ಫ್ರೇಮೂ ಕೊನೆಯ ಫ್ರೇಮೂ ಕೂಡಲ್ಲ. ಬೀಜಕಣ ಉದುರೋದನ್ನು ಹಿಡಿಯೋದು ಸುಲಭವಾಯ್ತು. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಕೊಡೆ ಕೆಳಗೆ ಹೊಗೆ ಇಳಿದ ಹಾಗೆ ಕಾಣುತ್ತದೆ, ಅದಕ್ಕೆ ಸ್ಟ್ಯಾಕ್ ಬೇಡ, ಒಂದೇ ಫ್ರೇಮ್ ಸಾಕು.

ಈಗ ಹಳೇ 28 ಎಂಎಂ ತಿರುಗಿಸಿ ನೋಡುತ್ತಿದ್ದೇನೆ, ಟ್ಯೂಬ್ ಜೊತೆ ಎರಡು ಪಟ್ಟು ಆರಾಮಾಗಿ ದಾಟುತ್ತದೆ. ಸ್ಟೆಮೊನೈಟಿಸ್ ಮೇಲೆ ಕಣ್ಣಿದೆ. ಅದು ಅಣಬೆ ಅಲ್ಲ, ಸ್ಲೈಮ್ ಮೋಲ್ಡ್ ಅನ್ನೋ ಬೇರೆಯೇ ಜಾತಿಯ ಜೀವಿ, ಕೊಳೆತ ಮರದ ಮೇಲೆ ಕಂದು ಕೂದಲಿನ ಗೊಂಚಲಿನಂತೆ ನಿಲ್ಲುತ್ತದೆ. ಟಾರ್ಚಿನ ಬೆಳಕು ಇನ್ನೂ ಸಾಲುತ್ತಿಲ್ಲ, ಎರಡನೇ ಟಾರ್ಚ್ ಕೊಳ್ಳಬೇಕು.