18 ವರ್ಷದ ಸಂಚಿಕೆಗಳು ಲಿನಕ್ಸಿಗೆ ಬಂದ ಬಗೆ

ಮುಂಬಯಿ ಬಳಿಯ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸತ್ಯನಾರಾಯಣ ಪೂಜೆಯ ಆಮಂತ್ರಣ ಎಲ್ಲ ಮಾಡುತ್ತೇನೆ. ಇವುಗಳ ಜೊತೆಗೆ ನಮ್ಮ ಕನ್ನಡ ಸಂಘದ ತಿಂಗಳ ಪತ್ರಿಕೆ. 2007ರ ಯುಗಾದಿ ಸಂಚಿಕೆಯಿಂದ ಅದರ ಪುಟ ಕಟ್ಟುತ್ತಿರುವುದು ನಾನೇ. ಇಲ್ಲಿಯವರೆಗೆ 220ಕ್ಕೂ ಜಾಸ್ತಿ ಸಂಚಿಕೆ ಆಗಿವೆ. ಮೊನ್ನೆ ಮೊನ್ನೆಯವರೆಗಿನವು ಎಲ್ಲವೂ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ವಿಂಡೋಸ್ ತಂತ್ರಾಂಶದ ಕಡತಗಳು, ಎಲ್ಲವೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ.

ಹೋದ ವರ್ಷ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ನನ್ನ ಮೂರು ಯಂತ್ರಗಳೂ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವು. ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 4 ಜಿಬಿ ಮೆಮೊರಿ. ವಿಂಡೋಸ್ 11 ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲಿನದನ್ನು ಕೇಳುತ್ತದೆ. ಚೆನ್ನಾಗಿ ನಡೆಯುತ್ತಿರುವ ಮೂರು ಯಂತ್ರಗಳನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ, ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್ ಕಲಿಯಬೇಕು ಅಂತ ಕೂತೆ.

ಕಲಿತದ್ದು ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳಿಂದ. ಚಿಕ್ಕ ಚಿಕ್ಕ ವಿಡಿಯೋ ಪಾಠಗಳು. ಕನ್ನಡದಲ್ಲೂ ಇವೆ, ದುಡ್ಡು ಕೊಡಬೇಕಿಲ್ಲ. ಒಂದು ಕಡೆ ಪಾಠ, ಇನ್ನೊಂದು ಕಡೆ ಬರಹ ಟೈಪ್ ಮಾಡುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ತೆರೆದಿಟ್ಟು, ಅವರು ಮಾಡಿದ್ದನ್ನೇ ನಾನೂ ಮಾಡುತ್ತಾ ಹೋದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದೊಂದು ತಾಸು, ಸುಮಾರು ಮೂರು ವಾರ.

ಹಾಕಿಕೊಂಡದ್ದು ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್, ಸ್ಕ್ಯಾನರ್ ಎಲ್ಲ ಕೆಲಸ ಮಾಡುತ್ತವಾ ನೋಡಿದೆ. ಮಾಡಿದವು. ಹಾಗೆ ನೋಡದೆ ಯಾರೂ ಡಿಸ್ಕ್ ಅಳಿಸಬೇಡಿ.

ನನಗಿದ್ದ ದೊಡ್ಡ ಭಯ ಕೀಲಿಮಣೆಯದು. ನುಡಿಯಲ್ಲಿ ಟೈಪ್ ಮಾಡಿ ಮಾಡಿ ಬೆರಳಿಗೆ ಕೂತುಬಿಟ್ಟಿದೆ. ಕೆ, ಎಫ್, ಆರ್ ಒತ್ತಿದರೆ ಕ್ರ ಬರಬೇಕು. ಯೋಚಿಸಿ ಒತ್ತುವುದಲ್ಲ ಅದು. ಕೆ.ಪಿ. ರಾವ್ ಅವರ ಆ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ‘ಕಗಪ’ ಅಂತ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಎಂಬ ತಂತ್ರಾಂಶ ಹಾಕಿಕೊಂಡರೆ ಅಲ್ಲಿ ‘ಕೆಜಿಪಿ’ ಅನ್ನುವ ಹೆಸರಿನಲ್ಲಿ ಇದೆ. ನಾನು ಐಬಸ್ಸಿನದನ್ನು ಇಟ್ಟುಕೊಂಡೆ. ಮೊದಲ ದಿನವೇ ಒಂದು ಮದುವೆ ಕಾಗದ ಪೂರ್ತಿ ಟೈಪ್ ಮಾಡಿದೆ. ಆಮೇಲೆ ಧೈರ್ಯ ಬಂತು.

ಉಳಿದದ್ದು ಹಳೆಯ ಸಂಚಿಕೆಗಳು. ಅದಕ್ಕೆ ವೈನ್ ಎಂಬ ತಂತ್ರಾಂಶ ಬೇಕಾಯಿತು.

ವಿಂಡೋಸ್‌ಗಾಗಿ ಬರೆದ ತಂತ್ರಾಂಶ ‘ಈ ಕಿಟಕಿ ತೆರೆ’, ‘ಈ ಕಡತ ಓದು’ ಅಂತ ವಿಂಡೋಸನ್ನು ಕೇಳುತ್ತಲೇ ಇರುತ್ತದೆ. ವೈನ್ ನಡುವೆ ಕೂತು, ಆ ಕೇಳಿಕೆಗಳನ್ನು ಲಿನಕ್ಸಿಗೆ ತಿಳಿಯುವ ಹಾಗೆ ಮಾಡಿ ದಾಟಿಸುತ್ತದೆ. ಇಡೀ ವಿಂಡೋಸನ್ನು ಒಳಗೆ ಓಡಿಸುವುದಿಲ್ಲ. ಹಾಗಾಗಿ ನನ್ನಂಥವರ ಹಳೆಯ ಯಂತ್ರದಲ್ಲೂ ಹಗುರವಾಗಿ ನಡೆಯುತ್ತದೆ. 1993ರಲ್ಲಿ ಶುರುವಾದ ಕೆಲಸ ಇದು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಎಂಬವರು ಮುನ್ನಡೆಸುತ್ತಾ ಬಂದಿದ್ದಾರೆ. 1.0 ಆವೃತ್ತಿ ಬಂದದ್ದು 2008ರಲ್ಲಿ, ಅಂದರೆ 15 ವರ್ಷ ಹಿಡಿಯಿತು. ಇನ್ನೊಬ್ಬರ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಅಂತ ಒಂದೊಂದಾಗಿ ನೋಡಿ ಬರೆದ ಕೆಲಸ. ಆ ಜನರ ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. 2004ಕ್ಕೆ ಅದರ ಅಭಿವೃದ್ಧಿ ನಿಂತೇ ಹೋಯಿತು. ನನ್ನ ಹತ್ತಿರ ಅದರ ಸಿಡಿ, ಲೈಸೆನ್ಸ್ ಎರಡೂ ಜೋಪಾನವಾಗಿದ್ದವು. ಸಿಡಿ ಹಾಕಿ, ಸೆಟಪ್ ಕಡತದ ಮೇಲೆ ಕ್ಲಿಕ್ ಮಾಡಿದೆ. ಇನ್‌ಸ್ಟಾಲ್ ಆಯಿತು. ನುಡಿ ಫಾಂಟುಗಳನ್ನು ವೈನಿನ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿದೆ. 2012ರ ಒಂದು ಸಂಚಿಕೆ ತೆರೆದೆ. ಪುಟ ಬಂತು, ಕಾಲಂ ಬಂತು, ಚಿತ್ರ ಬಂತು. ಅಕ್ಷರ ಬರಲಿಲ್ಲ. ಅರ್ಧ ಕಡೆ ಖಾಲಿ ಚೌಕ, ಅರ್ಧ ಕಡೆ ಪ್ರಶ್ನೆ ಚಿಹ್ನೆ.

ಎರಡು ಸಂಜೆ ಇದರಲ್ಲೇ ಹೋಯಿತು. ಫಾಂಟ್ ತೆಗೆದು ಮತ್ತೆ ಹಾಕಿದೆ. ವೈನ್ ಅಳಿಸಿ ಮತ್ತೆ ಹಾಕಿದೆ. ಕಾರಣ ಬೇರೆಯೇ ಇತ್ತು. ನಾನು ಆಸೆಯಿಂದ ಲಿನಕ್ಸಿನ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದೆ. ವೈನ್ ಅದನ್ನು ನೋಡಿ ‘ಇವರು ಕನ್ನಡದವರು’ ಅಂದುಕೊಂಡಿತು. ಹಳೆಯ ವಿಂಡೋಸ್ ತಂತ್ರಾಂಶಗಳಿಗೆ ಒಂದೊಂದು ಭಾಷೆಗೆ 256 ಜಾಗಗಳ ಒಂದು ಅಕ್ಷರ ಕೋಷ್ಟಕ ಬೇಕು. ಇಂಗ್ಲಿಷಿಗೆ ಇರುವುದು 1252 ಎಂಬ ಸಂಖ್ಯೆಯ ಕೋಷ್ಟಕ. ಕನ್ನಡಕ್ಕೆ ಅಂಥ ಕೋಷ್ಟಕವೇ ಇಲ್ಲ, ಕನ್ನಡ ವಿಂಡೋಸಿಗೆ ಬಂದದ್ದೇ ನೇರವಾಗಿ ಯೂನಿಕೋಡ್ ಮೂಲಕ, ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿರುವ ಪದ್ಧತಿ. ನುಡಿಯ ಹಳೆಯ ಫಾಂಟಾದರೋ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಅದಕ್ಕೆ ಆ 1252ರ ಕೋಷ್ಟಕವೇ ಬೇಕು. ಪೇಜ್‌ಮೇಕರ್ ಶುರು ಮಾಡುವ ಆದೇಶದ ಆರಂಭದಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್ ಅಂತ ಒಂದು ಸಾಲು ಸೇರಿಸಿದೆ. ಅಷ್ಟೇ. ಇಡೀ ಪುಟ ಕನ್ನಡವಾಗಿ ತುಂಬಿಕೊಂಡಿತು. ನಿಮ್ಮ ಲಿನಕ್ಸ್ ಕನ್ನಡದಲ್ಲೇ ಇರಲಿ, ಬದಲಿಸಬೇಡಿ. ಆ ಒಂದು ತಂತ್ರಾಂಶಕ್ಕೆ ಮಾತ್ರ ಇಂಗ್ಲಿಷ್ ಹೇಳಿ.

ಇನ್ನೊಂದು ಮಾತು. ವೈನ್ ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿದ ಒಂದು ಫೋಲ್ಡರ್ ಮಾಡಿ, ಅದರೊಳಗೆ ಒಂದು ಸಿ ಡ್ರೈವ್ ಕಟ್ಟುತ್ತದೆ. ಅದಕ್ಕೆ ಪ್ರಿಫಿಕ್ಸ್ ಅನ್ನುತ್ತಾರೆ. ಎಲ್ಲವನ್ನೂ ಒಂದೇ ಪ್ರಿಫಿಕ್ಸಿಗೆ ತುರುಕಬೇಡಿ. ಒಂದು ತಂತ್ರಾಂಶಕ್ಕೆ ಒಂದು ಮಾಡಿ, ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ. ಎಲ್ಲ ಸರಿಯಾಗಿ ಕೂತ ದಿನ ಆ ಫೋಲ್ಡರನ್ನು ಟಾರ್ ಮಾಡಿ, ಅಂದರೆ ಒಂದೇ ಕಡತವಾಗಿ ಕಟ್ಟಿ ಎತ್ತಿಡಿ. ಸುಮ್ನೆ ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ಒಳಗಿನ ಲಿಂಕುಗಳು ಉಳಿಯುವುದಿಲ್ಲ. ಹಾಗೆಯೇ, ಝಡ್ ಡ್ರೈವ್ ಅಂತ ಕಾಣಿಸುವುದು ನಿಮ್ಮ ಇಡೀ ಲಿನಕ್ಸ್ ಡಿಸ್ಕ್. ಅಲ್ಲಿ ಕೆಲಸ ಮಾಡುವಾಗ ಮೂಲ ಕಡತ ಮುಟ್ಟಬೇಡಿ, ನಕಲಿನ ಮೇಲೆ ಮಾಡಿ.

ಒಂದು ಸಂತೋಷದ ಸಂಗತಿ ಹೇಳಬೇಕು. 90ರ ದಶಕದ ಒಂದು ಪುಟ್ಟ ತಂತ್ರಾಂಶ ನನ್ನಲ್ಲಿತ್ತು, ಕರೆಯೋಲೆಗೆ ಅಂಚು ಬಿಡಿಸುವುದು. 16 ಬಿಟ್‌ನದು. 64 ಬಿಟ್ ವಿಂಡೋಸ್ ಅದನ್ನು ತೆರೆಯುವುದೇ ಇಲ್ಲ, ಹತ್ತು ವರ್ಷದಿಂದ ಸುಮ್ನೆ ಕೂತಿತ್ತು. ವೈನಿನಲ್ಲಿ ತೆರೆಯಿತು! ವಿಂಡೋಸ್ ಕೈಬಿಟ್ಟ ವಿಂಡೋಸ್ ತಂತ್ರಾಂಶ ಲಿನಕ್ಸಿನಲ್ಲಿ ನಡೆಯಿತು.

ಆಗದ್ದೂ ಇದೆ. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ನಡೆಯುವ ಒಂದು ಫಾಂಟ್ ಪ್ಯಾಕೇಜ್ ಇತ್ತು. ಡಾಂಗಲ್‌ಗೆ ಡ್ರೈವರ್ ಬೇಕು, ಅದು ವೈನಿಗೆ ಆಗುವ ಕೆಲಸ ಅಲ್ಲ. ಅದಕ್ಕೆ ಒಂದು ಯಂತ್ರದಲ್ಲಿ, ಯಂತ್ರದೊಳಗೆ ಇನ್ನೊಂದು ಯಂತ್ರ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಇಂಟರ್ನೆಟ್ ಕತ್ತರಿಸಿ ಹಳೆಯ ವಿಂಡೋಸ್ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ತೆರೆದರೆ ಹೆಚ್ಚು.

ಈಗ ಮುಖ್ಯ ವಿಷಯ. ಪೇಜ್‌ಮೇಕರ್ ವೈನಿನಲ್ಲಿ ನಡೆಯಿತು ಅಂತ ಅಲ್ಲೇ ಹೊಸ ಸಂಚಿಕೆ ಕಟ್ಟುತ್ತಾ ಕೂರಲು ನಾನು ಒಪ್ಪಲಿಲ್ಲ. ವೈನ್ ನನಗೆ ಬೇಕಾದದ್ದು ಹಳೆಯ ಮನೆಯಿಂದ ಸಾಮಾನು ಹೊರಗೆ ತರಲು. ಬರಹ ಯೂನಿಕೋಡಿಗೆ ಬರಬೇಕು, ಪುಟ ಎಲ್ಲ ಕಡೆ ನಡೆಯುವ ತಂತ್ರಾಂಶಕ್ಕೆ ಬರಬೇಕು.

ಹಳೆಯ ಕಡತದಲ್ಲಿ ‘ಕನ್ನಡ’ ಅನ್ನುವ ಪದ ನಿಜಕ್ಕೂ ಹೇಗಿರುತ್ತದೆ ಗೊತ್ತಾ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೆರೆಯ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತೊಮ್ಮೆ ಎ. ಪಿ ಅಂದರೆ ತಲೆಕಟ್ಟಿಲ್ಲದ ಕ. ಗೆರೆಯ ಎ ಅಂದರೆ ತಲೆಕಟ್ಟು. ಜರ್ಮನ್ ಅಕ್ಷರ ಅಂದರೆ ನ ಒತ್ತು. ಫಾಂಟ್ ಹೋದರೆ ಕನ್ನಡವೇ ಹೋಯಿತು. 18 ವರ್ಷ ನಾನು ಇದನ್ನು ಕನ್ನಡ ಅಂದುಕೊಂಡು ಕೂಡಿಟ್ಟಿದ್ದೆ, ಅಲ್ವಾ ಅಂತ ಅನ್ನಿಸಿ ಎದೆ ಧಸಕ್ಕೆಂದಿತು.

ಪೇಜ್‌ಮೇಕರಿನಿಂದ ಬರಹವನ್ನು ಹೊರಗೆ ತೆಗೆದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಮುಕ್ತ ಪರಿವರ್ತಕದಿಂದ ಯೂನಿಕೋಡ್ ಮಾಡಿದೆ. ಕೆಲಸ ಸುಲಭದ್ದಲ್ಲ. ‘ಸೂರ್ಯ’ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಯಲ್ಲಿ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ರ ಮೊದಲು, ಯ ಆಮೇಲೆ. ಪರಿವರ್ತಕ ಆ ತುಂಡನ್ನು ಎತ್ತಿ ಹಿಂದಕ್ಕೆ ತರಬೇಕು. ಹೆಚ್ಚಿನ ಕಡೆ ಸರಿಯಾಗಿ ತಂದಿತು. ‘ರ‍್ಯಾಲಿ’, ‘ರ‍್ಯಾಂಕ್’ ಇಂಥ ಪದಗಳನ್ನು ನಾನೇ ಕೈಯಿಂದ ತಿದ್ದಿದೆ.

ಆದರೆ ಜಾಸ್ತಿ ಕಾಡಿದ್ದು ಪರಿವರ್ತಕ ಅಲ್ಲ, ಸೊನ್ನೆ. 2009ರ ಸಂಚಿಕೆಗಳಲ್ಲಿ ‘ಸಂಘ’ ಅಂತ ಹುಡುಕಿದರೆ ಒಂದೂ ಸಿಗಲಿಲ್ಲ. ಸಂಘದ ಪತ್ರಿಕೆಯಲ್ಲಿ ಸಂಘ ಅನ್ನುವ ಪದ ಇಲ್ಲದಿರುತ್ತದಾ? ಪರದೆಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ನೋಡಿದರೆ ಆ ವರ್ಷ ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದ್ದರು. ಅಚ್ಚಿನಲ್ಲಿ ಎರಡೂ ಒಂದೇ ದುಂಡು. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಲಿಬ್ರೆಆಫೀಸಿನ ಹುಡುಕಿ ಬದಲಿಸುವ ಕಿಟಕಿಯಲ್ಲಿ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಆರಿಸಿ, ಅಕ್ಷರ ಆದ ಕೂಡಲೇ ಬರುವ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿದೆ. ಇಸವಿಯ ಸೊನ್ನೆಗಳು ಹಾಗೆಯೇ ಉಳಿದವು.

ಹೊಸ ಸಂಚಿಕೆಗಳನ್ನು ಪುಟ ಕಟ್ಟುವ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಕಟ್ಟುತ್ತಿದ್ದೇನೆ. ಇದರ ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂಡುತ್ತದೆ. ನಾಲ್ಕು ಬಣ್ಣದ ಪಿಡಿಎಫ್ ನೇರ ಪ್ರೆಸ್‌ಗೆ ಹೋಗುತ್ತದೆ. ಸ್ಕ್ರೈಬಸ್ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ನಡೆಯುತ್ತದೆ. ಗೋರೆಗಾಂವ್‌ನಲ್ಲಿರುವ ನಮ್ಮ ಸಂಪಾದಕರದ್ದು ವಿಂಡೋಸ್ ಲ್ಯಾಪ್‌ಟಾಪ್. ಮೊದಲ ಸಲ ಕಡತ ಕಳಿಸಿದಾಗ ಅವರಲ್ಲಿ ಸಾಲುಗಳೆಲ್ಲ ಜಾರಿ ಒಂದು ಕವನ ಪುಟದಿಂದ ಹೊರಗೆ ಬಿದ್ದಿತ್ತು. ಅವರಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ. ಈಗ ‘ಕಲೆಕ್ಟ್ ಫಾರ್ ಔಟ್‌ಪುಟ್’ ಕೊಟ್ಟು, ಚಿತ್ರ, ಫಾಂಟು ಎಲ್ಲ ಒಂದೇ ಫೋಲ್ಡರಿನಲ್ಲಿ ಕಳಿಸುತ್ತೇನೆ. ಶೀರ್ಷಿಕೆಗೆ ನವಿಲು, ಮೈಬರಹಕ್ಕೆ ನೋಟೊ ಸೆರಿಫ್ ಕನ್ನಡ. ಎರಡೂ ಮುಕ್ತ ಫಾಂಟುಗಳು, ಹಂಚಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ.

ಈ ಸಂಕ್ರಾಂತಿಯವರೆಗೆ ಹಳೆಯ 160 ಸಂಚಿಕೆ ಯೂನಿಕೋಡಿಗೆ ಬಂದಿವೆ. ಹೋದ ವಾರ ನಮ್ಮ ಪ್ರೂಫ್ ನೋಡುವ ಮಾಸ್ಟ್ರು ಬಂದಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಅಲ್ಲೇ ಪಾಠ ಮಾಡಿದವರು. ‘ರಾತ್ರಿ ಶಾಲೆ’ ಅಂತ ಟೈಪ್ ಮಾಡಿ ಎಲ್ಲ ಸಂಚಿಕೆಗಳಲ್ಲಿ ಒಮ್ಮೆಗೇ ಹುಡುಕಿದೆ. 14 ಕಡೆ ಸಿಕ್ಕಿತು. ಅದರಲ್ಲಿ ಒಂದು 2011ರಲ್ಲಿ ಅವರೇ ಬರೆದ ಲೇಖನ. ಹಗಲು ಹೋಟೆಲಿನಲ್ಲಿ ದುಡಿದು ಬಂದ ಹುಡುಗರು ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದದ್ದು, ಅವರನ್ನು ಎಬ್ಬಿಸಲು ಇವರಿಗೆ ಮನಸ್ಸು ಬಾರದ್ದು. ಮಾಸ್ಟ್ರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ಪೂರ್ತಿ ಓದಿದರು. ಚಾ ತಣ್ಣಗಾಯಿತು.

“ತಂಗಿ, ಇಲ್ಲಿ ನೋಡು,” ಅಂದರು. “ಮೂರನೇ ಸಾಲು. ‘ಹೇಲಿದ’ ಅಂತ ಆಗಿದೆ. ಳ ಆಗಬೇಕಿತ್ತು. ಆಗ ನನ್ನ ಕಣ್ಣಿಗೆ ಬೀಳಲೇ ಇಲ್ಲ.”

“ಈಗ ತಿದ್ದಬಹುದು ಮಾಸ್ಟ್ರೇ,” ಅಂದೆ. ತಿದ್ದಿ, ಉಳಿಸಿದೆ. ಅವರಿಗೆ ಎರಡು ಪ್ರತಿ ಪ್ರಿಂಟ್ ತೆಗೆದುಕೊಟ್ಟೆ.