ಅವ್ವನ ಟ್ರಂಕು ತೆಗೆಯುವ ಮೊದಲು

ನಾಗರ ಪಂಚಮಿ ಹತ್ತಿರ ಬಂತೆಂದರೆ ನನ್ನ ಹೊಲಿಗೆ ಮಷಿನ್ ಮುಂದೆ ಕಾಲೇಜು ಹುಡುಗಿಯರ ಸಾಲು ಶುರುವಾಗುತ್ತದೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾವುದೋ ಫೋಟೊ. "ಅಕ್ಕಾರ, ಇಂಥಾ ತೋಳು ಬೇಕ್ರಿ. ಈಗ ರೆಟ್ರೊ ನಡದೈತಿ." ನೋಡಿದರೆ, 1986ರಲ್ಲಿ ನಾನು ಹೊಲಿಗೆ ಕಲಿಯುವಾಗ ಹೊಲಿದು ಹೊಲಿದು ಬೇಸತ್ತ ಅದೇ ಪಫ್ ತೋಳು! ಆಮೇಲೆ ಇಪ್ಪತ್ತು ವರ್ಷ ಅದನ್ನು ಕೇಳಿದವರೇ ಇರಲಿಲ್ಲ. ಈಗ ಮತ್ತೆ ಬಂದಿದೆ. ಕುಬಸದ ಖಣ ಬಂದಿದೆ, ದೊಡ್ಡ ಜುಮುಕಿ ಬಂದಿದೆ, ಬೆಲ್‌ಬಾಟಮ್ ಕೂಡ ಬಂದಿದೆ.

ಹುಬ್ಬಳ್ಳಿಯ ದಾಜಿಬಾನ ಪೇಟೆಗೆ ಹೋಗಿ ಹೊಸದಾಗಿ ನೇಯ್ದ "ಹಳೇ ಮಾದರಿ" ಕೊಳ್ಳಬಹುದು. ಬೇಡ ಅನ್ನಲ್ಲ. ಆದರೆ ಮೊದಲು ಮನೆಯ ಟ್ರಂಕು ನೋಡಿ. ಅದರಲ್ಲಿರುವ ಬಟ್ಟೆಯನ್ನು ಹೇಗೆ ಉಡುವಂತೆ ಮಾಡುವುದು, ಯಾವುದಕ್ಕೆ ಕತ್ತರಿ ಹಾಕಬಾರದು ಅನ್ನುವುದಷ್ಟೇ ಇಲ್ಲಿ ಬರೆಯುತ್ತೇನೆ. ಈ ಎರಡನೆಯದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ.

ಮದುವೆಯಾದ ಹೊಸದು. ಅತ್ತೆಯ ಹಳೇ ಇಳಕಲ್ ಸೀರೆ ಟ್ರಂಕಿನಲ್ಲಿ ಸುಮ್ನೆ ಬಿದ್ದಿತ್ತು. ಕೆಂಪು ಸೆರಗು, ಅದರ ಮೇಲೆ ಬಿಳಿ ಗೋಪುರದ ಸಾಲು. ನಾದಿನಿಯ ಮಗಳಿಗೆ ಅದರಿಂದ ಪರಕಾರ-ಪೋಲಕಾ (ಲಂಗ-ರವಿಕೆ) ಹೊಲಿದರೆ ಚಂದ ಕಾಣುತ್ತದೆ ಅಂತ ಯಾರನ್ನೂ ಕೇಳದೆ ಸೆರಗನ್ನೇ ಕತ್ತರಿಸಿಬಿಟ್ಟೆ. ಹುಡುಗಿ ಹಾಕಿಕೊಂಡು ಒಮ್ಮೆ ಕುಕ್ಕರಗಾಲಲ್ಲಿ ಕೂತಳು ನೋಡಿ, ಹೊಲಿಗೆ ಗುಂಟ ರೇಷ್ಮೆ ಪರಪರ ಹರಿಯಿತು. ಪರಕಾರವೂ ಹೋಯಿತು, ಸೀರೆಯೂ ಹೋಯಿತು. ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಅದಕ್ಕೇ ಬಟ್ಟೆ ತೆಗೆದ ಕೂಡಲೇ ಅಳತೆ ಟೇಪು ಹುಡುಕಬೇಡಿ. ಎರಡು ದಿನ ನೆರಳಲ್ಲಿ ಗಾಳಿಗೆ ಹರವಿ. ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಅಲ್ಲಿಯೇ ಮೊದಲು ಸೀಳುವುದು. ಎರಡೂ ಹೆಬ್ಬೆರಳು ಹತ್ತಿರ ಇಟ್ಟು ಮೆಲ್ಲಗೆ ಎಳೆಯಿರಿ. ಎಳೆ ಸರಿದರೆ ಅಥವಾ ಚರ್ ಅಂದರೆ ಆ ಬಟ್ಟೆ ಮೈಮೇಲೆ ಬಿಗಿಯಾಗಿ ಕೂರುವ ಜಂಪರಿಗೆ ಬರಲ್ಲ. ದುಪಟ್ಟಾ ಮಾಡಿ, ಚೀಲಕ್ಕೆ ಅಸ್ತರು ಕೊಟ್ಟು ಹೊಲಿಯಿರಿ, ಇಲ್ಲವೇ ಗೋಡೆಗೆ ಚೌಕಟ್ಟು ಹಾಕಿಸಿ. ಬಣ್ಣ ಬಿಡುತ್ತದೆಯೇ ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಒಳಗಿನ ಮೂಲೆಯನ್ನು ಒತ್ತಿದರೆ ಸಾಕು. ಹಳೇ ಕೆಂಪು ಬಣ್ಣವನ್ನು ನಾನಂತೂ ನಂಬಲ್ಲ. ಜರಿ ಪಕ್ಕದಲ್ಲೇ ಡಾಂಬರ ಗುಳಿಗೆ ಇಟ್ಟಿದ್ದರೆ ಜರಿ ಕಪ್ಪಾಗಿರುತ್ತದೆ. ಎಷ್ಟು ತಿಕ್ಕಿದರೂ ಮೊದಲಿನ ಹೊಳಪು ಬರಲ್ಲ, ತಿಕ್ಕಲು ಹೋಗಬೇಡಿ. ಇನ್ನು ಮುಂದೆ ತೊಳೆದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಇಳಕಲ್ ಸೀರೆಯ ಒಡಲಿನ ಹಾಸಿನ (ಉದ್ದಕ್ಕೆ ಓಡುವ) ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಗೋಪುರದ ಸೆರಗಿಗೆ ಟೋಪ ತೆನಿ ಅಂತ ಹೆಸರು. ಒಡಲು ಹತ್ತಿ, ಸೆರಗು ರೇಷ್ಮೆ ಇರುವ ಸೀರೆಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಹತ್ತಿ ಕುಗ್ಗಿ, ಕೊಂಡಿಯ ಜಾಗ ಸುಕ್ಕಾಗುತ್ತದೆ. ತಣ್ಣೀರು ಸಾಕು, ಹಿಂಡಬೇಡಿ.

ಅಜ್ಜಿಯರ ಸೀರೆ ಬಹಳ ಸಲ ಹದಿನೆಂಟು ಮೊಳ, ಅಂದರೆ 9 ಗಜ. ಈಗಿನವರಿಗೆ 6 ಗಜ ಸಾಕು. ಉಳಿದ 3 ಗಜ ಅಂದರೆ ಹೆಚ್ಚುಕಡಿಮೆ 2.7 ಮೀಟರು. ಅದರಲ್ಲಿ ಒಂದು ಕುರ್ತಾ ಬರುತ್ತದೆ, ತೆಳ್ಳಗಿನ ಹುಡುಗಿಯಾದರೆ ಪರಕಾರವೂ ಬರುತ್ತದೆ. ಕತ್ತರಿ ಹಾಕುವುದು ಮಾತ್ರ ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ. ಸೆರಗಿನ ತುದಿಯಿಂದ 6 ಗಜ ಅಳೆದು ಗುರುತು ಹಾಕಿ, ಇನ್ನೊಮ್ಮೆ ಅಳೆಯಿರಿ, ಮನೆಯ ಹಿರಿಯರನ್ನು ಕೇಳಿ, ಆಮೇಲೆ ಕತ್ತರಿಸಿ.

ಖಣದ ಕಥೆಯೇ ಬೇರೆ. ಗುಳೇದಗುಡ್ಡದ ಖಣ ಮೊದಲೇ ಒಂದು ಕುಬಸಕ್ಕೆ ಎಷ್ಟು ಬೇಕೋ ಅಷ್ಟೇ ಬಟ್ಟೆ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ. ಎರಡೂ ಕಡೆ ಅಂಚು. ಹುಡುಗಿಯರು ಅದರಲ್ಲಿ ಕುಂಬಳಕಾಯಿಯಷ್ಟು ಪಫ್ ಕೇಳುತ್ತಾರೆ. ಎಲ್ಲಿಂದ ತರಲಿ? ಆದರೆ ಒಂದು ಅನುಕೂಲವಿದೆ. ಖಣ ಬಿರುಸು ಬಟ್ಟೆ, ಒಳಗೆ ನೆಟ್ ಹಾಕದೆಯೇ ನಿಲ್ಲುತ್ತದೆ. ಹಾಗಾಗಿ ಸಣ್ಣ ಪಫ್ ಸಾಕು. ತೋಳಿನ ಮೇಲ್ಭಾಗದಲ್ಲಿ ಎರಡೂವರೆಯಿಂದ ಮೂರು ಇಂಚು ಹೆಚ್ಚು ಬಿಡಿ. ನೆರಿಗೆ ಭುಜದ ನೇರಕ್ಕೆ ಮೇಲೆ ಮಾತ್ರ ಬರಲಿ, ಕಂಕುಳ ಕಡೆಗೆ ಒಂದೂ ಬೇಡ. ಇನ್ನೊಂದು ಗುಟ್ಟು: ಭುಜವನ್ನು ಮಾಮೂಲಿಗಿಂತ ಅರ್ಧ ಇಂಚು ಒಳಗೆ ಕತ್ತರಿಸಬೇಕು. ಇಲ್ಲದಿದ್ದರೆ ಪಫ್ ಭುಜದಿಂದ ಜಾರಿ ತೋಳಿನ ಮೇಲೆ ಕೂತು, ಹುಡುಗಿ ಕುಸ್ತಿ ಪೈಲ್ವಾನನ ಹಾಗೆ ಕಾಣುತ್ತಾಳೆ. ಎಂಬತ್ತರ ದಶಕದಲ್ಲಿ ನಾವು ಹೊಲಿದಿದ್ದೆಲ್ಲ ಹಾಗೇ ಇತ್ತು, ಆಗ ಅದೇ ಚಂದ! ಖಣದ ಅಂಚನ್ನು ತೋಳಿನ ಕೆಳಪಟ್ಟಿಗೆ ಉಳಿಸಿಕೊಳ್ಳಿ, ಬೆನ್ನಿಗೆ ಖರ್ಚು ಮಾಡಬೇಡಿ.

ಅವ್ವನ ಹೊಲಿದ ಜಂಪರೇ ಸಿಕ್ಕಿದ್ದರೆ ಒಳಗೆ ತಿರುವಿ ನೋಡಿ. ಹಳೇ ದರ್ಜಿಗಳು ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಡುತ್ತಿದ್ದರು. ಬಿಚ್ಚಿದರೆ ಅಲ್ಲಿ ಬಣ್ಣ ಸ್ವಲ್ಪ ಗಾಢವಾಗಿರುತ್ತದೆ, ಕೈ ಇಳಿಬಿಟ್ಟರೆ ಕಾಣಲ್ಲ. ಅದೂ ಸಾಲದಿದ್ದರೆ ಕಂಕುಳಲ್ಲಿ ಚೌಕನೆಯ ತುಂಡು ಕೂಡಿಸಿ. ಉಸಿರು ಬಿಗಿ ಹಿಡಿದು ಹಳೇ ಜಂಪರು ತೊಡುವುದರಲ್ಲಿ ಯಾವ ಫ್ಯಾಶನ್ನೂ ಇಲ್ಲ. ಬಟ್ಟೆ ಅವ್ವನದಾದರೂ ಮೈ ನಿಮ್ಮದು, ಅಲ್ವಾ?

ಕಸೂತಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮೋಸ ಹೋಗುವುದು ಅಲ್ಲೇ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಬರೆಯುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲು ಎಲ್ಲ ಹಾಗೆಯೇ ಮೂಡುವುದು. "ಕಸೂತಿ ಕುರ್ತಾ" ಅಂತ ಯಾರಾದರೂ ತೋರಿಸಿದರೆ ಮೊದಲು ಹಿಂಬದಿ ತಿರುಗಿಸಿ. ಗವಂತಿ, ಮುರ್ಗಿಯಾದರೆ ಹಿಂದೆ ಮುಂದೆ ಒಂದೇ ಥರ, ಗಂಟು ಕಾಣಬಾರದು. ಹಿಂದೆ ಬಿಳಿ ಬಾಬಿನ್ ದಾರದ ಗೋಜಲು ಕಂಡರೆ ಅದು ಮಷಿನ್ನಿನದು. ತಗೊಳ್ಳಿ ಬೇಕಿದ್ದರೆ, ಆದರೆ ಕೈ ಕಸೂತಿಯ ದುಡ್ಡು ಕೊಡಬೇಡಿ. ಚಂದ್ರಕಾಳಿಯಂಥ ಕಪ್ಪು ಸೀರೆ ಮನೆಯಲ್ಲಿದ್ದು ಒಡಲು ಜೀರ್ಣವಾಗಿದ್ದರೆ, ಕಸೂತಿಯ ಭಾಗವನ್ನಷ್ಟೇ ಸುತ್ತ ಅರ್ಧ ಇಂಚು ಬಿಟ್ಟು ತೆಗೆದು ಹೊಸ ಜಾಕೀಟಿನ ಬೆನ್ನಿಗೆ ಹಚ್ಚಬಹುದು. ಪಫ್ ತೋಳಿಗೆ ಮಾತ್ರ ಬೇಡ. ನೆರಿಗೆಯಲ್ಲಿ ತೇರು ಮುದುಡಿ ತೊಟ್ಟಿಲಾಗುತ್ತದೆ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಮೇಲೆ ಬೋರಲು ಹಾಕಿ.

ಬೆಲ್‌ಬಾಟಮ್ ಹುಬ್ಬಳ್ಳಿಯ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ದುರ್ಗದ ಬೈಲಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಮೊಣಕಾಲವರೆಗೆ ಕೆಸರು. ನಮ್ಮ ಅಣ್ಣ ಎಪ್ಪತ್ತರ ದಶಕದಲ್ಲಿ ಕೆಳಅಂಚು ಸವೆಯದಿರಲಿ ಅಂತ ಸುತ್ತಲೂ ಹಿತ್ತಾಳೆ ಚೈನು ಹೊಲಿಸಿದ್ದ. ಸೈಕಲ್ ಚೈನಿಗೆ ಅದು ಸಿಕ್ಕಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದ. ದೀಪಾವಳಿ ಆದಮೇಲೆ ಹೊಲಿಸಿ, ಹಾಕುವ ಚಪ್ಪಲಿ ಮೆಟ್ಟಿ ಉದ್ದ ಅಳೆಸಿ, ನೆಲದಿಂದ ಅರ್ಧ ಇಂಚು ಮೇಲಿರಲಿ. ಗಂಡುಮಕ್ಕಳಿಗೆ ನೆಹರು ಅಂಗಿ ಬೇಕಿದ್ದರೆ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಇದೆ, ರಾಷ್ಟ್ರಧ್ವಜ ತಯಾರಾಗುವ ಜಾಗ. ಖಾದಿಯನ್ನು ಒಂದು ರಾತ್ರಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಿ.

ಕಾಲಿಗೆ ಕೊಲ್ಹಾಪುರಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋದಲ್ಲಿ ಅಂಥದೇ ಚಪ್ಪಲಿ ತೋರಿಸಿ ಗದ್ದಲ ಎದ್ದಾಗ ನಮ್ಮ ಓಣಿಯ ಅಜ್ಜ ನಕ್ಕುಬಿಟ್ಟ: "ಇದು ನಮ್ಮ ಕಾಲ್ಮರಿನ ಅಲ್ಲೇನ?" 2019ರಲ್ಲಿ ಈ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಧಾರವಾಡವೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿವೆ. ಮಳೆಯಲ್ಲಿ ಮೆಟ್ಟಬೇಡಿ. ನೆನೆದರೆ ನೆರಳಲ್ಲಿ ಒಣಗಿಸಿ, ಒಂದಿಷ್ಟು ಹರಳೆಣ್ಣೆ ಸವರಿ.

ಅಜ್ಜಿಯ ಕಿವಿಯ ಬುಗುಡಿ, ಗುಂಡಿನ ಸರ ಹಾಕುವ ಆಸೆ ಇದ್ದರೆ ತೊಳೆಯುವ ಮೊದಲು ಅಕ್ಕಸಾಲಿಗರಿಗೆ ತೋರಿಸಿ. ಹಳೇ ಗುಂಡುಗಳು ಒಳಗೆ ಪೊಳ್ಳು, ಅರಗು ತುಂಬಿರುತ್ತಾರೆ. ಬಿಸಿನೀರಿಗೆ ಹಾಕಿದರೆ ಅರಗು ಕರಗಿ ಗುಂಡು ನೆಗ್ಗುತ್ತದೆ.

ಕೊನೆಗೆ ನನ್ನದೊಂದು ವಿನಂತಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೇದನ್ನು ಬಿಚ್ಚಿ ಹೊಲಿಯುವುದಕ್ಕೆ ಎರಡು ಪಟ್ಟು ಹೊತ್ತು ಬೇಕು. ಪಂಚಮಿಗೆ ಬೇಕಿದ್ದರೆ ಮಣ್ಣೆತ್ತಿನ ಅಮಾಸಿ ಹೊತ್ತಿಗೆ ತಂದು ಕೊಡಿ. ನಾಗರ ಅಮಾಸಿ ದಿನ ಟ್ರಂಕು ಹೊತ್ತು ಬಂದರೆ ಚಹಾ ಕೊಡುತ್ತೇನೆ, ಜಂಪರು ಮಾತ್ರ ದಸರಾಕ್ಕೆ.