ಬಾಯಿಗೆ ಅಂಟಿದ್ದ ‘ಬೇಸಿಕಲಿ’ ಬಿಟ್ಟದ್ದು ಹೀಗೆ

ಇಡೀ ದಿನ ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುವ ಕಾಟ. ಬೇಸಿಕಲಿ, ಆಕ್ಚುಯಲಿ, ಲಿಟರಲಿ, ‘ಅಟ್ ದಿ ಎಂಡ್ ಆಫ್ ದಿ ಡೇ’. ಇವನ್ನು ಬಿಟ್ಟರೆ ಮಾತೇ ನಿಂತುಹೋಗುತ್ತೆ ಅಂತ ಜೊತೆಯವರು ಹೇಳಿದ್ದರು. ನಿಂತಿಲ್ಲ. ಈಗ ಅವರೇ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕತೆ. ಪ್ರತಿ ‘ಬೇಸಿಕಲಿ’ಗೂ ಡಬ್ಬಿಗೆ ದಂಡ ಹಾಕಿದೆ. ಡಬ್ಬಿ ತುಂಬಿತು, ‘ಬೇಸಿಕಲಿ’ ಹೋಗಿ ‘ಎಸೆನ್ಷಿಯಲಿ’ ಬಂತು. ಪದ ಎಣಿಸುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಎಣಿಕೆ ಬಂತು, ಇಳಿಸುವ ದಾರಿ ಬರಲಿಲ್ಲ. ಒಂದು ಕೋರ್ಸಿಗೆ ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ ಹೋಯಿತು. ಅಲ್ಲಿ ಕೊಟ್ಟದ್ದು ಬದಲಿ ಪದಗಳ ಪಟ್ಟಿ!

ದಾರಿ ಸಿಕ್ಕಿದ್ದು ನನ್ನದೇ ಮೀಟಿಂಗ್ ರೆಕಾರ್ಡಿಂಗ್‌ಗಳಲ್ಲಿ. ಈ ಪದಗಳು ಹತ್ತರಲ್ಲಿ ಎಂಟು ಸಲ ವಾಕ್ಯದ ಶುರುವಿನಲ್ಲೇ ಬರುತ್ತವೆ, ಅದೂ ಹಿಂದಿನ ವಾಕ್ಯಕ್ಕೆ ಅಂಟಿಕೊಂಡು. ಹಾಗಾಗಿ ಪದದ ಗೊಡವೆ ಬಿಟ್ಟೆ. ವಾಕ್ಯ ಮುಗಿದ ಕೂಡಲೇ ಎರಡೂ ತುಟಿ ಮುಚ್ಚಿ ಮೂಗಿನಲ್ಲಿ ಉಸಿರು ತಗೊಳ್ಳೋದು, ಅಷ್ಟೇ. ತುಟಿ ಮುಚ್ಚಿದ್ದರೆ ‘ಆಕ್ಚುಯಲಿ’ ಹೊರಡೋದೇ ಇಲ್ಲ. ಮಾತಾಡುವವರಿಗೆ ತುಂಬಾ ಉದ್ದ ಅನಿಸುವ ಆ ಮೌನ ರೆಕಾರ್ಡಿಂಗಿನಲ್ಲಿ ಒಂದು ಸೆಕೆಂಡೂ ಇರಲ್ಲ. ಅರ್ಧ ಗಂಟೆಯ ಮಾತಿನಲ್ಲಿ 40ರ ಹತ್ತಿರ ಇದ್ದದ್ದು ಕೆಲವು ತಿಂಗಳಲ್ಲಿ ಐದಾರಕ್ಕೆ ಇಳಿಯಿತು. ನಮ್ಮ ಟೀಮಿನಲ್ಲಿ ಇಷ್ಟು ಇಳಿಸಿದವರು ಇನ್ನೊಬ್ಬರಿಲ್ಲ.

ನಡುವೆ ‘ಅಮ್’, ‘ಅಹ್’ಗಳನ್ನೂ ಕಿತ್ತು ನೋಡಿದೆ. ಎದುರಿನವರು ನನ್ನ ಮಾತು ಮುಗಿಯಿತು ಅಂದುಕೊಂಡು ಬಾಯಿ ಹಾಕತೊಡಗಿದರು. ‘ಅಮ್’ ಅಂದರೆ ಜಾಸ್ತಿ ಹೊತ್ತು, ‘ಅಹ್’ ಅಂದರೆ ಸ್ವಲ್ಪ ಹೊತ್ತು ಕಾಯಿರಿ ಅನ್ನುವ ಸೂಚನೆ ಅಂತ ಮನೋವಿಜ್ಞಾನಿಗಳಾದ ಕ್ಲಾರ್ಕ್ ಮತ್ತು ಫಾಕ್ಸ್ ಟ್ರೀ 2002ರಲ್ಲೇ ಬರೆದಿದ್ದಾರೆ. ಅವು ಇರಲಿ. ‘ಲಿಟರಲಿ’ ತಪ್ಪು ಅನ್ನುವ ಜಗಳವೂ ಬೇಡ. ಸುಮ್ನೆ ಒತ್ತಿ ಹೇಳೋಕೆ ಅದನ್ನು ಬಳಸುವುದನ್ನು ಮೆರಿಯಮ್-ವೆಬ್‌ಸ್ಟರ್ ನಿಘಂಟು 1909ರಲ್ಲೇ ಸೇರಿಸಿಕೊಂಡಿದೆ. ತೊಂದರೆ ಇರೋದು ಸಾಲಿಗೊಂದು ಬಂದಾಗ.

ಲೋ ಹ್ಯಾಂಗಿಂಗ್ ಫ್ರೂಟ್, ಗೇಮ್ ಚೇಂಜರ್, ಟಚ್ ಬೇಸ್, ಇಂಥ ಆಫೀಸಿನ ಸವಕಲು ಮಾತುಗಳಿಗೆ ತುಟಿ ಮುಚ್ಚಿದರೆ ಸಾಲದು. ಯಾರು, ಏನು, ಯಾವಾಗ ಅಂತ ಕೇಳಿಕೊಳ್ಳಬೇಕು. ‘ಲೆಟ್ಸ್ ಟಚ್ ಬೇಸ್ ನೆಕ್ಸ್ಟ್ ವೀಕ್’ ಹೋಗಿ ‘ಐ ವಿಲ್ ಕಾಲ್ ಯು ಆನ್ ಟ್ಯೂಸ್‌ಡೇ’ ಆಯಿತು. ಮೊದಲಿನದಕ್ಕೆ ಯಾರೂ ನನ್ನ ಫೋನಿಗೆ ಕಾಯುತ್ತಿರಲಿಲ್ಲ. ಈಗ ಮಂಗಳವಾರ ಮಾಡದಿದ್ದರೆ ಬುಧವಾರ ಅವರೇ ಮಾಡುತ್ತಾರೆ. ‘ಗೇಮ್ ಚೇಂಜರ್’ ನಾಲಿಗೆ ತುದಿಗೆ ಬಂದಾಗ ಏನು ಬದಲಾಯಿತು ಅಂತ ಹುಡುಕಿದರೆ ಎಷ್ಟೋ ಸಲ ಏನೂ ಇರಲ್ಲ. ಆಗ ಆ ವಾಕ್ಯವನ್ನೇ ಬಿಡುತ್ತೇನೆ.

ಫೋನ್ ಇಂಟರ್‌ವ್ಯೂಗೆ ಬೇರೆ ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳಲ್ಲ. ಈಗ ವಾಕ್ಯದ ಕೊನೆಯ ‘ರೈಟ್?’ ಬಿಡುವ ಪ್ರಯತ್ನದಲ್ಲಿದ್ದೇನೆ. ಅದಕ್ಕೆ ತುಟಿ ಇನ್ನೂ ಬೇಗ ಮುಚ್ಚಬೇಕು, ಕೊನೆಯ ಪದ ಮುಗಿಯುತ್ತಿರುವಾಗಲೇ.